ಬಾಡಿಗೆ ಮನೆಯ ಫೋನ್, ನೆಟ್ ವೈರ್ ಕೆಟ್ಟರೆ ದುಡ್ಡು ಯಾರು ಕೊಡ್ಬೇಕು? ಮಾಲಕರಾ, ಬಾಡಿಗೆದಾರರಾ?

ಕಾರವಾರ/ಅಂಕೋಲಾ: ಮಳೆಗಾಲ ಶುರುವಾದ್ರೆ ಸಾಕು, ಬಾಡಿಗೆ ಮನೆಗಳಲ್ಲಿ ಈ ಮಾತು ಕೇಳಿ ಬರುತ್ತೆ. “ಅಣ್ಣಾ, ನೆಟ್ ಬರ್ತಾ ಇಲ್ಲ, ವೈರ್ ಹೋಗಿದೆ ಅನ್ಸುತ್ತೆ” ಅಂತ ಬಾಡಿಗೆಗೆ ಇರೋರು. “ಬಳಸೋದು ನೀವು, ಮಾಡಿಸ್ಕೊಳ್ಳೋದೂ ನೀವೇ” ಅಂತ ಮನೆ ಮಾಲಕರು. ಲೈನ್‌ಮನ್‌ಗೆ ಫೋನ್ ಮಾಡಿದ್ರೆ “ಕಂಬದ ತನಕ ಸರಿ ಇದೆ, ಒಳಗಿಂದು ನಿಮ್ದು” ಅನ್ನೋ ಉತ್ತರ. ಮೂವರ ನಡುವೆ ಲೈನ್ ಮಾತ್ರ ಸತ್ತೇ ಇರುತ್ತೆ.

ಖರ್ಚು ಕೆಲವೊಮ್ಮೆ ನೂರರ ಲೆಕ್ಕ, ಕೆಲವೊಮ್ಮೆ ಸಾವಿರದ ಲೆಕ್ಕ. ಆದರೆ ಆ ದುಡ್ಡಿಗಾಗಿ ಮಾತು ಬಿಟ್ಟವರಿದ್ದಾರೆ. ಮನೆ ಖಾಲಿ ಮಾಡುವ ದಿನ “ವೈರಿಂಗ್ ಹಾಳು ಮಾಡಿದ್ದೀರಿ” ಅಂತ ಡಿಪಾಸಿಟ್‌ನಲ್ಲಿ ಹಿಡಿದುಕೊಳ್ಳೋದೂ ಉಂಟು. ಮನೆಯಿಂದಲೇ ಕೆಲಸ ಮಾಡೋರು, ಆನ್‌ಲೈನ್ ಪರೀಕ್ಷೆ ಬರೆಯೋ ಮಕ್ಕಳು ಇರೋ ಮನೆಯಲ್ಲಿ ಒಂದು ವಾರ ಲೈನ್ ಇಲ್ಲ ಅಂದ್ರೆ ನಷ್ಟ ವೈರಿನ ಬೆಲೆಗಿಂತ ಎಷ್ಟೋ ಪಾಲು ಜಾಸ್ತಿ.

ಹಾಗಾದ್ರೆ ದುಡ್ಡು ಯಾರದ್ದು? “ಫೋನ್ ವೈರ್ ರಿಪೇರಿ ಇಂಥವರದ್ದೇ” ಅಂತ ಬಿಡಿಸಿ ಹೇಳುವ ಸಾಲು ನಮ್ಮ ಬಾಡಿಗೆ ಕಾನೂನಿನಲ್ಲಿ ಇಲ್ಲ. ಆದರೆ ಮೂರು ಪ್ರಶ್ನೆ ಕೇಳಿಕೊಂಡರೆ ಹೆಚ್ಚಿನ ಪ್ರಕರಣಗಳಿಗೆ ಉತ್ತರ ಸಿಗುತ್ತೆ. ವೈರ್ ಎಲ್ಲಿ ಕೆಟ್ಟಿದೆ? ಯಾರಿಂದ ಕೆಟ್ಟಿದೆ? ಬಾಡಿಗೆ ಕರಾರಿನಲ್ಲಿ ಏನು ಬರೆದಿದೆ?

ಕರಾವಳಿಯಲ್ಲಿ ಈ ತಕರಾರು ಯಾಕೆ ಹೆಚ್ಚು?

ಕಾರವಾರ ಬಾಡಿಗೆದಾರರ ಊರು. ಅರಗಾದ ನೌಕಾನೆಲೆ, ಕೈಗಾ ಅಣುಸ್ಥಾವರ, ಜಿಲ್ಲಾ ಕೇಂದ್ರದ ಸರ್ಕಾರಿ ಕಚೇರಿಗಳು, ಮೆಡಿಕಲ್ ಕಾಲೇಜು, ಮಾಜಾಳಿಯ ಎಂಜಿನಿಯರಿಂಗ್ ಕಾಲೇಜು ಅಂತ ಹೊರಗಿನಿಂದ ಬಂದು ಕೆಲ ವರ್ಷ ಇದ್ದು ಹೋಗೋರು ಬಹಳ. ಕ್ವಾರ್ಟರ್ಸ್ ಸಿಗದವರು ಕೋಡಿಬಾಗ, ಕಾಜುಬಾಗ, ಹಬ್ಬುವಾಡ, ಬಿಣಗಾ, ಅಮದಳ್ಳಿಯಲ್ಲಿ ಮನೆ ಹುಡುಕ್ತಾರೆ. ಅಂಕೋಲಾ ಪೇಟೆ, ಅವರ್ಸಾ ಕಡೆಯೂ ಇದೇ ಕಥೆ. ಒಂದೇ ಮನೆಗೆ ಹತ್ತು ವರ್ಷದಲ್ಲಿ ನಾಲ್ಕು ಸಂಸಾರ ಬಂದು ಹೋದರೆ ನಾಲ್ಕು ಕಂಪನಿಯ ವೈರ್ ಗೋಡೆ ಮೇಲೆ ಉಳಿದಿರುತ್ತೆ. ಯಾವುದು ಜೀವಂತ, ಯಾವುದು ಸತ್ತದ್ದು ಅಂತ ಮಾಲಕರಿಗೂ ಗೊತ್ತಿರೋದಿಲ್ಲ.

ಎರಡನೇ ಕಾರಣ ಹವಾಮಾನ. ಸಮುದ್ರದ ಉಪ್ಪು ಗಾಳಿಗೆ ತಾಮ್ರದ ಜಾಯಿಂಟ್ ಹಸಿರು ಕಟ್ಟುತ್ತೆ. 08382 ಮತ್ತು 08388 ಕೋಡಿನ ಹಳೇ ಲ್ಯಾಂಡ್‌ಲೈನ್ ಬಳಸಿದವರಿಗೆ ಮಳೆಗಾಲದ ಆ ಗರಗರ ಶಬ್ದ ಚೆನ್ನಾಗಿ ಗೊತ್ತು. ಕಂಬದಿಂದ ಮನೆಗೆ ಬರುವ ವೈರ್ ಮೇಲೆ ತೆಂಗಿನ ಮಡಲು ಬೀಳುತ್ತೆ. ಅಟ್ಟದಲ್ಲಿ ಇಲಿ, ಹೊರಗೆ ಅಳಿಲು ಕಡಿಯುತ್ತೆ. ಮಳೆಗಾಲದ ಮೊದಲು ಮತ್ತು ಅಕ್ಟೋಬರ್‌ನಲ್ಲಿ ಗುಡುಗು ಸಿಡಿಲು. ಈಗಿನ ಫೈಬರ್ ಕೇಬಲ್ ಒಳಗೆ ಇರೋದು ಗಾಜಿನ ಎಳೆ, ಅದಕ್ಕೆ ತುಕ್ಕು ಹಿಡಿಯೋದಿಲ್ಲ, ಕರೆಂಟೂ ಹರಿಯೋದಿಲ್ಲ. ಆದರೆ ಮಡಚಿದರೆ ಒಡೆಯುತ್ತೆ. ತಾಮ್ರದ ವೈರಿನ ಹಾಗೆ ಸುತ್ತಿ ಟೇಪ್ ಹಚ್ಚಿದರೆ ನಡೆಯೋದಿಲ್ಲ, ಮಷೀನ್ ತಂದು ಜೋಡಿಸಬೇಕು. ಹಾಗಾಗಿ ರಿಪೇರಿಗೆ ಹೊರಗಿನವರನ್ನು ಕಾಯಲೇಬೇಕು.

ಮೊದಲ ಪ್ರಶ್ನೆ: ಎಲ್ಲಿ ಕೆಟ್ಟಿದೆ?

ವೈರನ್ನು ಮೂರು ಭಾಗ ಮಾಡಿ ನೋಡಿ.

ಒಂದು, ಎಕ್ಸ್‌ಚೇಂಜ್‌ನಿಂದ ಕಂಬ, ಕಂಬದಿಂದ ಮನೆ ತನಕ. ಇದು ಕಂಪನಿಯ ಜಾಲ. ಮಾಲಕರದ್ದೂ ಅಲ್ಲ, ಬಾಡಿಗೆದಾರರದ್ದೂ ಅಲ್ಲ. 2023ರ ದೂರಸಂಪರ್ಕ ಕಾಯ್ದೆ ಕೂಡ ದೂರಸಂಪರ್ಕ ಜಾಲವೇ ಬೇರೆ, ಅದನ್ನು ಹಾಕಿರುವ ಆಸ್ತಿಯೇ ಬೇರೆ ಅನ್ನುತ್ತೆ. ನಿಮ್ಮ ಕಂಪೌಂಡಿನಲ್ಲಿ ಹಾದು ಹೋಗಿದೆ ಅಂದ ಮಾತ್ರಕ್ಕೆ ಆ ಕೇಬಲ್ ನಿಮ್ಮ ಆಸ್ತಿಯಾಗೋದಿಲ್ಲ. ಇಲ್ಲಿ ಕೆಟ್ಟರೆ ಸರಿ ಮಾಡಬೇಕಾದದ್ದು ಕಂಪನಿ, ಅಥವಾ ಕಂಪನಿ ಪರವಾಗಿ ಫೈಬರ್ ಸೇವೆ ಕೊಡುವ ಸ್ಥಳೀಯ ಆಪರೇಟರ್. ಉದ್ದದ ಹೊಸ ಕೇಬಲ್ ಎಳೆಯಬೇಕಾದಾಗ ಅವರು ಮೀಟರ್ ಲೆಕ್ಕದಲ್ಲಿ ದುಡ್ಡು ಕೇಳೋದುಂಟು. ಹಾಗೆ ಕೇಳಿದ್ರೆ ಬಿಲ್ ಕೇಳಿ.

ಎರಡು, ಮನೆಯೊಳಗಿನ ಖಾಯಂ ವೈರಿಂಗ್. ಮನೆ ಕಟ್ಟುವಾಗಲೇ ಪೈಪಿನೊಳಗೆ ಹಾಕಿದ ವೈರ್, ಗೋಡೆಯ ಸಾಕೆಟ್, ಅಪಾರ್ಟ್‌ಮೆಂಟ್ ಆದ್ರೆ ಕೆಳಗಿನ ಬಾಕ್ಸ್‌ನಿಂದ ಮೇಲಿನ ಮಹಡಿ ತನಕ ಬಂದಿರುವ ಲೈನ್. ಇದು ಕಟ್ಟಡದ ಭಾಗ. ಬಾಡಿಗೆದಾರ ಹೋದ ಮೇಲೂ ಇಲ್ಲೇ ಉಳಿಯುತ್ತೆ, ಮುಂದೆ ಬರುವವರಿಗೂ ಉಪಯೋಗ ಆಗುತ್ತೆ. ಹಾಗಾಗಿ ಹಳತಾಗಿ ಕೆಟ್ಟರೆ ಮಾಲಕರು ಮಾಡಿಸಿಕೊಡೋದು ನ್ಯಾಯ.

ಮೂರು, ಸಾಕೆಟ್‌ನಿಂದ ಈಚೆಗೆ. ಮೋಡೆಮ್, ಅಡಾಪ್ಟರ್, ಫೋನ್ ಸೆಟ್, ರೂಮಿಂದ ರೂಮಿಗೆ ಬಾಡಿಗೆದಾರರೇ ಎಳೆಸಿಕೊಂಡ ವೈರ್. ಇದು ಬಳಸುವವರ ಖರ್ಚು. ಮೋಡೆಮ್ ಕಂಪನಿಯದ್ದಾಗಿದ್ದರೆ, ಬದಲಿಸಿಕೊಡೋದು ನಿಮ್ಮ ಪ್ಲಾನಿನ ಷರತ್ತಿನ ಮೇಲೆ ಹೋಗುತ್ತೆ.

ಯಾವ ಭಾಗ ಕೆಟ್ಟಿದೆ ಅಂತ ಗೊತ್ತಾಗೋದು ಹೇಗೆ?

ಜಗಳಕ್ಕೆ ಮೊದಲು ಐದು ನಿಮಿಷದ ಪರೀಕ್ಷೆ ಮಾಡಿ. ಫೈಬರ್ ಮೋಡೆಮ್‌ನಲ್ಲಿ ‘ಪಾನ್’ ಮತ್ತು ‘ಲಾಸ್’ ಅಂತ ಎರಡು ದೀಪ ಇರುತ್ತೆ. ಪಾನ್ ಹಸಿರು ನಿಂತಿದ್ದರೆ ಫೈಬರ್ ಸರಿ ಇದೆ. ಆಗ ತೊಂದರೆ ಬಿಲ್ ಬಾಕಿ, ಮೋಡೆಮ್ ಸೆಟ್ಟಿಂಗ್ ಅಥವಾ ಕಂಪನಿ ಕಡೆಯ ಬೇರೆ ಏನಾದರೂ ಇರಬಹುದು. ಲಾಸ್ ಕೆಂಪು ಮಿನುಗುತ್ತಿದ್ದರೆ ಬೆಳಕು ಮೋಡೆಮ್ ತನಕ ಬರ್ತಾ ಇಲ್ಲ ಅಂತ ಅರ್ಥ. ಕೇಬಲ್ ಎಲ್ಲೋ ತುಂಡಾಗಿದೆ, ಇಲ್ಲವೇ ಮಡಚಿದೆ. ದೀಪವೇ ಇಲ್ಲದಿದ್ದರೆ ಮೊದಲು ಅಡಾಪ್ಟರ್ ನೋಡಿ.

ಹಳೇ ಲ್ಯಾಂಡ್‌ಲೈನ್ ಆದ್ರೆ, ಹೊರಗಿನ ವೈರ್ ಮನೆಗೆ ಸೇರುವ ಮೊದಲ ಡಬ್ಬಿಗೇ ಫೋನ್ ಸೆಟ್ ಸಿಕ್ಕಿಸಿ ನೋಡಿ. ಅಲ್ಲಿ ಡಯಲ್ ಟೋನ್ ಬಂದು ಒಳಗಿನ ಸಾಕೆಟ್‌ನಲ್ಲಿ ಬಾರದಿದ್ದರೆ ತೊಂದರೆ ಮನೆಯೊಳಗೆ. ಅಲ್ಲೂ ಬಾರದಿದ್ದರೆ ಕಂಪನಿಯದ್ದು. ಲೈನ್‌ಮನ್ ಬಂದಾಗ ಎಲ್ಲಿ ಕೆಟ್ಟಿತ್ತು ಅಂತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಅದೇ ಸಾಕ್ಷಿ.

ಕಾನೂನು ಏನು ಹೇಳುತ್ತೆ?

ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಆದರೆ ಅದು ಎಲ್ಲ ಮನೆಗೂ ಅನ್ವಯ ಆಗೋದಿಲ್ಲ. ಕಾಯ್ದೆಯ ಲೆಕ್ಕದ ಬಾಡಿಗೆ ತಿಂಗಳಿಗೆ ₹2,000 ದಾಟಿದರೆ (ಬೆಂಗಳೂರಿನಂಥ ಕಡೆ ₹3,500) ಆ ಮನೆ ಕಾಯ್ದೆಯ ಹೊರಗೆ. ಇವತ್ತು ಕಾರವಾರದಲ್ಲಿ ಎರಡು ಸಾವಿರಕ್ಕೆ ಸಂಸಾರ ಇಡುವಂಥ ಮನೆ ಎಲ್ಲಿ ಸಿಗುತ್ತೆ? ಹಾಗಾಗಿ ಹೆಚ್ಚಿನವರಿಗೆ ಅನ್ವಯ ಆಗೋದು ಬ್ರಿಟಿಷರ ಕಾಲದ, 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕಿದ ಕರಾರು.

ಆ ಕಾಯ್ದೆಯ 108ನೇ ಕಲಂ ಮುಖ್ಯ. ಕರಾರಿನಲ್ಲಿ ಬೇರೆ ಏನೂ ಬರೆಯದಿದ್ದಾಗ ಮತ್ತು ಊರಿನ ರೂಢಿ ಬೇರೆ ಇಲ್ಲದಾಗ ಈ ಕಲಂ ನಡೆಯುತ್ತೆ. ಅದರಲ್ಲಿ ನಮಗೆ ಬೇಕಾದ್ದು ಮೂರು ವಿಷಯ.

ಮೊದಲನೆಯದು, ಬಾಡಿಗೆದಾರ ಮನೆಯನ್ನು ಹೇಗೆ ಪಡೆದಿದ್ದರೋ ಹಾಗೇ ಇಟ್ಟುಕೊಂಡು ವಾಪಸ್ ಕೊಡಬೇಕು. ಆದರೆ ಸಹಜ ಸವೆತ ಮತ್ತು ತಡೆಯಲಾಗದ ಪ್ರಕೃತಿ ಶಕ್ತಿಯಿಂದ ಆದ ಬದಲಾವಣೆಗೆ ಅವರು ಹೊಣೆ ಅಲ್ಲ. ಕರಾವಳಿಯವರು ಇದನ್ನು ನೆನಪಿಟ್ಟುಕೊಳ್ಳಬೇಕು. ಉಪ್ಪು ಗಾಳಿಗೆ ವೈರ್ ತುಕ್ಕು ಹಿಡಿಯೋದು ಸಹಜ ಸವೆತ. ಸಿಡಿಲಿಗೆ ಸಾಕೆಟ್ ಸುಟ್ಟರೆ ಅದು ಪ್ರಕೃತಿ ಶಕ್ತಿ. ಈ ಎರಡಕ್ಕೂ ಡಿಪಾಸಿಟ್‌ನಲ್ಲಿ ಹಿಡಿಯೋದು ಸರಿಯಲ್ಲ.

ಎರಡನೆಯದು, ಬಾಡಿಗೆದಾರರ ಅಥವಾ ಅವರ ಕಡೆಯವರ ತಪ್ಪಿನಿಂದ ಹಾಳಾಗಿದ್ದರೆ, ಮಾಲಕರು ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಬಾಡಿಗೆದಾರರೇ ಸರಿ ಮಾಡಿಸಬೇಕು. ಟಿವಿ ಸ್ಟ್ಯಾಂಡ್ ಹಾಕಲು ಡ್ರಿಲ್ ಮಾಡುವಾಗ ಗೋಡೆಯೊಳಗಿನ ವೈರ್ ತುಂಡಾದರೆ ದುಡ್ಡು ಬಾಡಿಗೆದಾರರದ್ದೇ. ಇಲ್ಲಿ ವಾದಕ್ಕೆ ಜಾಗ ಇಲ್ಲ.

ಮೂರನೆಯದು, ಮಾಲಕರು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸೂಕ್ತ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ‘ಮಾಡಿಸಲೇಬೇಕಾದ’ ಅನ್ನುವ ಶಬ್ದ ಗಮನಿಸಿ. ಯಾವ ರಿಪೇರಿ ಮಾಲಕರ ಹೊಣೆ ಅಂತ ಈ ಕಾಯ್ದೆ ಪಟ್ಟಿ ಕೊಡೋದಿಲ್ಲ. ಕರಾರಿನಲ್ಲಿ ಇದ್ದರೆ ಹಕ್ಕು ಗಟ್ಟಿ. ಇಲ್ಲದಿದ್ದರೆ ವಾದ ಮಾಡಬೇಕಾಗುತ್ತೆ. ಹೆಚ್ಚಿನ ಬಾಡಿಗೆದಾರರು ಎಡವೋದು ಇಲ್ಲೇ.

2021ರ ಮಾದರಿ ಕಾಯ್ದೆಯ ಪಟ್ಟಿ

ಪಟ್ಟಿ ಬೇಕು ಅನ್ನುವವರಿಗೆ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಉಪಯೋಗಕ್ಕೆ ಬರುತ್ತೆ. ಕೇಂದ್ರ ಸಂಪುಟ ಇದನ್ನು 2021ರ ಜೂನ್ 2ರಂದು ಒಪ್ಪಿತು. ಇದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರಷ್ಟೇ ಅನ್ವಯ. ಆದರೂ ಯಾವುದು ನ್ಯಾಯ ಅಂತ ಮಾತಾಡುವಾಗ ಅಳತೆಗೋಲಾಗುತ್ತೆ.

ಅದರ ಎರಡನೇ ಅನುಸೂಚಿ ಪ್ರಕಾರ ಕಟ್ಟಡದ ರಿಪೇರಿ, ಸುಣ್ಣಬಣ್ಣ, ನೀರಿನ ಪೈಪ್ ಬದಲಾವಣೆ, ಒಳಗಿನ ಮತ್ತು ಹೊರಗಿನ ಕರೆಂಟ್ ವೈರಿಂಗ್ ಮಾಲಕರದ್ದು. ನಲ್ಲಿ, ಸ್ವಿಚ್, ಸಾಕೆಟ್, ಗೀಸರ್, ಬಾಗಿಲ ಬೀಗ, ಕಿಟಕಿ ಗಾಜು ಬಾಡಿಗೆದಾರರದ್ದು. ಫೋನ್ ವೈರ್ ಅಂತ ಹೆಸರು ಹೇಳಿಲ್ಲ. ಆದರೆ ಪಟ್ಟಿಯ ರೀತಿ ನೋಡಿದ್ರೆ ಗೋಡೆಯೊಳಗಿನದು ಮಾಲಕರಿಗೆ, ಕೈಗೆ ಸಿಗುವಂಥದ್ದು ಬಾಡಿಗೆದಾರರಿಗೆ. ಅದೇ ಲೆಕ್ಕ ಫೋನ್ ವೈರ್‌ಗೂ ಕೂರುತ್ತೆ. ಸಾಕೆಟ್ ಮಾತ್ರ ಈ ಪಟ್ಟಿಯಲ್ಲಿ ಬಾಡಿಗೆದಾರರ ಕಡೆಗಿದೆ ಅನ್ನೋದನ್ನೂ ಮಾಲಕರು ತೋರಿಸಬಹುದು. ಮಾಲಕರು ಮಾಡಿಸದಿದ್ದರೆ ಬಾಡಿಗೆಯಲ್ಲಿ ಮುರಿದುಕೊಳ್ಳಲು ಇಲ್ಲೂ ಅವಕಾಶ ಇದೆ, ಆದರೆ ಒಂದು ತಿಂಗಳಲ್ಲಿ ಬಾಡಿಗೆಯ ಶೇ. 50ಕ್ಕಿಂತ ಹೆಚ್ಚು ಮುರಿಯುವಂತಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಈ ಗೊಂದಲವೇ ಇಲ್ಲ. ವಾಸದ ಮನೆಯಲ್ಲಿ ಕನಿಷ್ಠ ಒಂದು ಫೋನ್ ಸಾಕೆಟ್ ಹಾಕಿಸೋದು, ಒಳಗಿನ ಫೋನ್ ವೈರಿಂಗ್ ಸುಸ್ಥಿತಿಯಲ್ಲಿ ಇಡೋದು ಮಾಲಕರ ಹೊಣೆ ಅಂತ ಅಲ್ಲಿನ ಸಿವಿಲ್ ಕೋಡ್ ನೇರವಾಗಿ ಬರೆದುಬಿಟ್ಟಿದೆ. ನಮ್ಮಲ್ಲಿ ಆ ಸಾಲು ಇಲ್ಲದ್ದರಿಂದ ಅದನ್ನು ನಾವೇ ಕರಾರಿನಲ್ಲಿ ಬರೆದುಕೊಳ್ಳಬೇಕು.

ನಾಲ್ಕು ಸಂದರ್ಭ, ನಾಲ್ಕು ಉತ್ತರ

ತೆಂಗಿನ ಮಡಲು ಬಿದ್ದು ಕಂಬದಿಂದ ಬರುವ ವೈರ್ ತುಂಡಾಗಿದೆ: ಕಂಪನಿಗೆ ದೂರು ಕೊಡಿ. ಮಾಲಕರೂ ಬಾಡಿಗೆದಾರರೂ ಪರಸ್ಪರ ಬೈದುಕೊಂಡು ಉಪಯೋಗ ಇಲ್ಲ. ಆದರೆ ಮರ ಮಾಲಕರದ್ದಾಗಿದ್ದು, ಒಣಗಿದ ಮಡಲು ತೆಗೆಸಿ ಅಂತ ಮೊದಲೇ ಹೇಳಿದ್ದರೂ ಬಿಟ್ಟಿದ್ದರೆ ಅವರೂ ಕೈ ಜೋಡಿಸೋದು ನ್ಯಾಯ.

ಹದಿನೈದು ವರ್ಷದ ಹಿಂದೆ ಮನೆ ಕಟ್ಟುವಾಗ ಹಾಕಿದ ವೈರ್ ಹಾಳಾಗಿದೆ: ಮಾಲಕರ ಖರ್ಚು. ಹಳೇ ತಾಮ್ರದ ವೈರ್ ಬೇಡ, ಹೊಸದಾಗಿ ಫೈಬರ್ ಬೇಕು ಅಂತ ಬಾಡಿಗೆದಾರ ಕೇಳಿದ್ರೆ ಅದು ರಿಪೇರಿ ಅಲ್ಲ, ಹೊಸ ಸೌಲಭ್ಯ. ಆ ಖರ್ಚು ಕೇಳಿದವರದ್ದು. ಗೋಡೆ ಕೊರೆಯುವ ಮೊದಲು ಮಾಲಕರನ್ನು ಕೇಳಲೇಬೇಕು.

ಅಟ್ಟದಲ್ಲಿ ಇಲಿ ಕಡಿದಿದೆ: ಇಬ್ಬರ ತಪ್ಪೂ ಅಲ್ಲ. ವೈರ್ ಮನೆಯದ್ದಾಗಿದ್ದರೆ ಮಾಲಕರು, ಬಾಡಿಗೆದಾರರು ಹಾಕಿಸಿದ್ದಾದರೆ ಅವರೇ. ಇಂಥ ಕಡೆ ಅರ್ಧರ್ಧ ಹಾಕಿಕೊಂಡರೆ ಸಂಬಂಧ ಉಳಿಯುತ್ತೆ.

ರಸ್ತೆ, ಚರಂಡಿ ಕೆಲಸಕ್ಕೆ ಅಗೆದಾಗ ಕೇಬಲ್ ತುಂಡಾಗಿದೆ: ಇದಕ್ಕೆ ಅಗೆದವರು ಮತ್ತು ಕಂಪನಿ ಉತ್ತರ ಕೊಡಬೇಕು. ಅಗೆಯುವ ಮೊದಲು ಕೇಬಲ್ ಮಾಲಕರಿಗೆ ತಿಳಿಸಲು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಮನೆಯವರ ಹತ್ತಿರ ದುಡ್ಡು ಕೇಳಿದ್ರೆ ಕೊಡುವ ಅಗತ್ಯ ಇಲ್ಲ.

ಬಾಡಿಗೆಯಲ್ಲಿ ಮುರಿದುಕೊಳ್ಳುವ ಮೊದಲು

ಒಂದು ಉದಾಹರಣೆ ನೋಡೋಣ. ಬಾಡಿಗೆ ₹8,000, ಗೋಡೆಯೊಳಗಿನ ವೈರ್ ಬದಲಿಸಲು ₹1,200 ಖರ್ಚು. ಬಾಡಿಗೆದಾರ ಯಾರಿಗೂ ಹೇಳದೆ ಮಾಡಿಸಿ ಮುಂದಿನ ತಿಂಗಳು ₹6,800 ಕಳಿಸಿದ್ರೆ, ಮಾಲಕರ ಲೆಕ್ಕದಲ್ಲಿ ಅದು ಬಾಡಿಗೆ ಬಾಕಿ. “ಬಾಕಿ ಇಟ್ಟಿದ್ದೀರಿ, ಮನೆ ಬಿಡಿ” ಅನ್ನೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ಅದಕ್ಕೆ ಮೊದಲು ಬರವಣಿಗೆಯಲ್ಲಿ ತಿಳಿಸಿ. ವಾಟ್ಸಾಪ್ ಮೆಸೇಜ್ ಆದರೂ ದಾಖಲೆಯಾಗಿ ಉಳಿಯುತ್ತೆ, ಸ್ಪೀಡ್ ಪೋಸ್ಟ್ ಪತ್ರ ಇನ್ನೂ ಒಳ್ಳೆಯದು. ಏನು ಕೆಟ್ಟಿದೆ, ಎಷ್ಟು ಖರ್ಚು, ಎಷ್ಟು ದಿನದೊಳಗೆ ಮಾಡಿಸಬೇಕು ಅಂತ ಬರೆಯಿರಿ. ಹತ್ತು ಹದಿನೈದು ದಿನ ಕೊಡಿ. ಉತ್ತರ ಬರದಿದ್ದರೆ ಮಾಡಿಸಿ, ಬಿಲ್ ಮತ್ತು ಫೋಟೋ ಕಳಿಸಿ, ಆಮೇಲೆ ಮುರಿಯಿರಿ. ಮಾಲಕರು “ಆಯ್ತು, ಮಾಡಿಸಿ, ಬಾಡಿಗೆಯಲ್ಲಿ ಹಿಡ್ಕೊಳ್ಳಿ” ಅಂತ ಫೋನಿನಲ್ಲಿ ಹೇಳಿದ್ರೂ, ಅದನ್ನೇ ಮೆಸೇಜ್ ಮಾಡಿ ‘ಓಕೆ’ ತರಿಸಿಕೊಳ್ಳಿ.

ಮಾಲಕರಿಗೂ ಒಂದು ಮಾತು. ಬಾಡಿಗೆದಾರ ತನ್ನ ಖರ್ಚಿನಲ್ಲಿ ಹಾಕಿಸಿದ ವೈರ್, ಸಾಕೆಟ್ ಬಿಚ್ಚಿಕೊಂಡು ಹೋಗುವ ಹಕ್ಕು ಅದೇ 108ನೇ ಕಲಂನಲ್ಲಿದೆ. ಗೋಡೆ ಮೊದಲಿದ್ದ ಹಾಗೇ ಇರಬೇಕು, ಅಷ್ಟೇ. ಬಿಟ್ಟು ಹೋದರೆ ಮುಂದಿನವರಿಗೆ ಅನುಕೂಲ ಅನ್ನಿಸಿದ್ರೆ ಹೋಗುವಾಗ ಅದಕ್ಕೊಂದು ಬೆಲೆ ಮಾತಾಡಿಕೊಳ್ಳಿ.

ಕಂಪನಿ ಬರದಿದ್ದರೆ?

ಮೊದಲು ಕನೆಕ್ಷನ್ ಯಾರ ಹೆಸರಲ್ಲಿದೆ ನೋಡಿ. ಮಾಲಕರ ಹೆಸರಲ್ಲಿದ್ದರೆ ದೂರನ್ನೂ ಅವರೇ ಕೊಡಬೇಕಾಗುತ್ತೆ. ಅದಕ್ಕೇ ಬಾಡಿಗೆದಾರರು ತಮ್ಮ ಹೆಸರಲ್ಲೇ ಕನೆಕ್ಷನ್ ತಗೊಳ್ಳೋದು ಒಳ್ಳೆಯದು.

ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಲೈನ್‌ಮನ್‌ಗೆ ನೇರ ಫೋನ್ ಮಾಡಿದ್ದು ಲೆಕ್ಕಕ್ಕೆ ಬರೋದಿಲ್ಲ. 2024ರ ಅಕ್ಟೋಬರ್‌ನಿಂದ ಜಾರಿಯಾದ ಟ್ರಾಯ್ ನಿಯಮದ ಪ್ರಕಾರ, ವೈರ್ ಮೂಲಕ ಬರುವ ಫೋನ್ ಅಥವಾ ಬ್ರಾಡ್‌ಬ್ಯಾಂಡ್ ಮೂರು ದಿನ ಮೀರಿದರೂ ಸರಿಯಾಗದಿದ್ದರೆ ಕಂಪನಿ ಗ್ರಾಹಕರಿಗೆ ಪರಿಹಾರ ಕೊಡಬೇಕು. ದೂರು ದಾಖಲಾಗಿದ್ದರೆ ಮಾತ್ರ ಇದನ್ನು ಕೇಳಬಹುದು. ದೂರಿಗೆ ಸರಿಯಾದ ಉತ್ತರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.

ಅಲ್ಲೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. ಆಮೇಲೆ ಕಾರವಾರದಲ್ಲೇ ಇರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ₹5 ಲಕ್ಷದ ಒಳಗಿನ ದೂರಿಗೆ ಶುಲ್ಕ ಇಲ್ಲ. ಟೆಲಿಕಾಂ ಕಂಪನಿ ಮೇಲಿನ ದೂರನ್ನು ಗ್ರಾಹಕ ಆಯೋಗ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ.

ಮಾಲಕರು ಮತ್ತು ಬಾಡಿಗೆದಾರರ ಮಧ್ಯದ ಜಗಳ ಮಾತ್ರ ಬೇರೆ ದಾರಿ. ಸಾವಿರ ರೂಪಾಯಿಗೆ ಸಿವಿಲ್ ಕೋರ್ಟ್ ಹತ್ತಿದರೆ ವಕೀಲರ ಫೀಸಿಗೂ ಸಾಲದು. ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಅಂಕೋಲಾದ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಸ್ ಹಾಕುವ ಮೊದಲೇ ರಾಜಿಗೆ ಪ್ರಯತ್ನಿಸಬಹುದು. ಕಾನೂನು ನೆರವಿನ ಸಹಾಯವಾಣಿ 15100.

ಕರಾರಿನಲ್ಲಿ ಈ ಸಾಲು ಸೇರಿಸಿ

ನಮ್ಮಲ್ಲಿ ಹೆಚ್ಚಿನ ಕರಾರು 11 ತಿಂಗಳಿನದ್ದು, ಒಂದೇ ನಮೂನೆಯ ಟೈಪಿಂಗ್. ಕರೆಂಟ್ ಬಿಲ್, ನೀರಿನ ಬಿಲ್ ಯಾರದ್ದು ಅಂತ ಇರುತ್ತೆ, ಫೋನ್ ವೈರ್ ಬಗ್ಗೆ ಇರೋದಿಲ್ಲ. ಹೊಸ ಕರಾರು ಮಾಡುವಾಗ ಅಥವಾ ನವೀಕರಿಸುವಾಗ ಟೈಪ್ ಮಾಡುವವರಿಗೆ ಇಷ್ಟು ಸೇರಿಸಲು ಹೇಳಿ:

• ಮನೆಯೊಳಗೆ ಮೊದಲೇ ಇರುವ ಫೋನ್ ಮತ್ತು ಇಂಟರ್‌ನೆಟ್ ವೈರಿಂಗ್, ಗೋಡೆಯ ಸಾಕೆಟ್ ಸಹಜವಾಗಿ ಕೆಟ್ಟರೆ ಮಾಲಕರು ತಿಳಿಸಿದ 15 ದಿನದೊಳಗೆ ದುರಸ್ತಿ ಮಾಡಿಸತಕ್ಕದ್ದು.

• ತಪ್ಪಿದಲ್ಲಿ ಬಾಡಿಗೆದಾರರು ಮಾಡಿಸಿ, ಬಿಲ್ ಕೊಟ್ಟು ಬಾಡಿಗೆಯಲ್ಲಿ ಕಡಿತ ಮಾಡಿಕೊಳ್ಳಬಹುದು.

• ಬಾಡಿಗೆದಾರರ ಬಳಕೆಯ ತಪ್ಪಿನಿಂದ ಆದ ಹಾನಿ ಹಾಗೂ ಅವರೇ ಹಾಕಿಸಿಕೊಂಡ ವೈರ್, ಮೋಡೆಮ್ ಖರ್ಚು ಅವರದ್ದೇ.

• ಹೊಸ ವೈರ್ ಹಾಕಲು, ಗೋಡೆ ಕೊರೆಯಲು ಮಾಲಕರ ಒಪ್ಪಿಗೆ ಬೇಕು.

ಮನೆಗೆ ಬರುವ ದಿನ ಮಾಲಕರ ಎದುರಿಗೇ ಸಾಕೆಟ್, ವೈರ್‌ಗಳ ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಬಿಡುವ ದಿನ ಅದೇ ಫೋಟೋ ತೆರೆದು ನೋಡಿ. ಡಿಪಾಸಿಟ್ ಮಾತುಕತೆ ಹತ್ತು ನಿಮಿಷದಲ್ಲಿ ಮುಗಿಯುತ್ತೆ.

ಈಗಾಗಲೇ ಸಹಿ ಹಾಕಿ ಆಗಿದ್ದರೂ ತಡವಾಗಿಲ್ಲ. ಇಬ್ಬರೂ ಒಪ್ಪಿದ್ರೆ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕರಾರಿಗೆ ಲಗತ್ತಿಸಬಹುದು. ಮಳೆ ಶುರುವಾಗುವ ಮೊದಲು ಮಾಡಿದ್ರೆ ಒಳ್ಳೆಯದು. ಲೈನ್ ಸತ್ತ ಮೇಲೆ ಕೂತು ಮಾತಾಡೋಕೆ ಇಬ್ಬರಿಗೂ ತಾಳ್ಮೆ ಇರೋದಿಲ್ಲ.